ರಾಚಪ್ಪನವರ ಹಲ್ಲು ತಂದುಕೊಟ್ಟದ್ದು

ಲಾಡ್ಜಿನ ಬಾಗಿಲಲ್ಲಿ ಮೇಜು ಹಾಕಿಕೊಂಡು ಕೂತವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ಏನು ಬೇಕು, ಎಲ್ಲಿಗೆ ಹೋಗಬೇಕು, ಯಾರನ್ನಾದರೂ ಜೊತೆಗೆ ಕಳಿಸಲೇ ಎಂದು ಕೇಳುತ್ತಾರೆ. ಕೈಕಾಲು ಗಟ್ಟಿಯಿರುವವರಿಗೆ ಹೇಳುವ ಮಾತೇ ಅದು? ಊರಲ್ಲಿ ಮೆಸ್ಸು ನಡೆಸುವವಳು ನಾನು. ತರಕಾರಿ ಆರಿಸುವುದರಿಂದ ಹಿಡಿದು ಒಲೆ ಆರಿಸುವವರೆಗೆ ಯಾರ ಕೈಗೂ ಏನನ್ನೂ ಒಪ್ಪಿಸಿದವಳಲ್ಲ. ಹಾಗಾಗಿ ಮಗಳ ಊರಿನಲ್ಲಿ ಬೆಳಿಗ್ಗೆ ರೈಲಿಳಿದು, ಸ್ಟೇಷನ್ನಿನ ಎದುರಿಗೇ ಇದ್ದ ಲಾಡ್ಜಿನಲ್ಲಿ ಪೆಟ್ಟಿಗೆ ಇಟ್ಟು ಹೊರಟಾಗ, 'ವಿಚಾರಣೆ' ಎಂಬ ಬೋರ್ಡಿನ ಹಿಂದಿನಿಂದ ದಸ್ತಗೀರ್ ಸಾಹೇಬರು "ಎಲ್ಲಿಗೆ ಹೊಂಟೀರಿ ಅಮ್ಮಾರ?" ಎಂದು ಕೇಳಿದರೆ, "ನಿಮಗ್ಯಾಕೆ?" ಎಂದು ಹೇಳಿ ಮೆಟ್ಟಿಲಿಳಿದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ನಶ್ಯದ ಡಬ್ಬಿ ತೆಗೆದು ಒಂದು ಚಿಟಿಕೆ ಏರಿಸಿ, ನನ್ನನ್ನು ನೋಡುತ್ತ ಕೂತರು.

ನಾನು ಹೊರಟಿದ್ದು ಮಗಳ ಮನೆಗೆ. ಮಗಳು ಹೇಮಲತಾ, ನನ್ನ ಬಾಯಲ್ಲಿ ಹೇಮು, ಗಂಡನ ಜೊತೆ ಆ ಊರಿಗೆ ಬಂದು ಒಂದು ವರ್ಷವೂ ಆಗಿರಲಿಲ್ಲ. ಅಳಿಯ ನಟೇಶನಿಗೆ ಅಲ್ಲಿನ ನೀರಿನ ಟ್ಯಾಂಕು ನೋಡಿಕೊಳ್ಳುವ ಕೆಲಸ. ಅದಕ್ಕೂ ಮೊದಲು, ಬೇರೆ ಊರಿನಲ್ಲಿದ್ದಾಗ, ಅವಳ ಚೊಚ್ಚಲ ಬಸಿರು ಏಳನೇ ತಿಂಗಳಿಗೆ ಹೋಗಿಬಿಟ್ಟಿತ್ತು. ಸುದ್ದಿ ತಿಳಿದು ನಾನು ಬಿದ್ದೆನೋ ಎದ್ದೆನೋ ಎಂದು ಓಡಿಹೋಗುವಷ್ಟರಲ್ಲಿ ಎಲ್ಲ ಮುಗಿದು, ಹುಡುಗಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಈ ಸಲ ದಿನ ತುಂಬಿತ್ತು. ಮನೆಯಲ್ಲಿ ಫೋನಿಲ್ಲದ್ದರಿಂದ ಬೂತಿನಿಂದ ಫೋನು ಮಾಡಿ, "ನೀನು ಬರಬೇಡ ಅಮ್ಮ, ಎಲ್ಲ ಇಲ್ಲೇ ಆಗುತ್ತೆ" ಎಂದಳು. ಯಾಕೆ ಎಂದು ಕೇಳಿದರೆ ಇಟ್ಟೇಬಿಟ್ಟಳು. ಬೇಡ ಎಂದ ಮಾತ್ರಕ್ಕೆ ಕೈಕಟ್ಟಿ ಕೂರುವವಳು ನಾನಲ್ಲ. ಆದರೂ ಬೇಡ ಎಂದವಳ ಮನೆಗೆ ಪೆಟ್ಟಿಗೆ ಸಮೇತ ನುಗ್ಗುವುದು ಸರಿ ಕಾಣದೆ ಲಾಡ್ಜಿನಲ್ಲಿ ಕೋಣೆ ಹಿಡಿದಿದ್ದೆ. ಈ ಸಲ ಹೆರಿಗೆಯ ಹೊತ್ತಿಗೆ ಅವಳ ಪಕ್ಕದಲ್ಲಿರಬೇಕು, ನನಗೆ ಬೇಕಾಗಿದ್ದು ಅಷ್ಟೇ.

ಗಾಣಿಗರ ಓಣಿ, ಹನುಮಪ್ಪನ ಗುಡಿ ಹಿಂದೆ, ನೀಲಿ ಬಾಗಿಲು. ವಿಳಾಸ ಬಾಯಿಪಾಠವಾಗಿತ್ತು. ಗುಡಿಯ ಗೋಪುರ ಲಾಡ್ಜಿನ ಮೆಟ್ಟಿಲಿಂದಲೇ ಕಾಣುತ್ತಿತ್ತು. ಅದನ್ನೇ ನೋಡಿಕೊಂಡು ಹೋದವಳು ಕಟ್ಟಿಗೆ ಕೊಯ್ಯುವ ಮಿಲ್ಲಿನ ಎದುರು ನಿಂತಿದ್ದೆ. ಮಿಲ್ಲಿನವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ದಾರಿ ಹೇಳುವುದು ಬಿಟ್ಟು, ಒಂದು ಪೊಟ್ಟಣ ಮೊಳೆ ಕೈಗಿಟ್ಟು, "ಲಾಡ್ಜಿನ ದಸ್ತಗೀರ್ ಸಾಹೇಬ್ರಿಗೆ ಕೊಟ್ಟುಬಿಡ್ರಿ" ಎಂದ. ಪರವೂರಿನ ಹೆಂಗಸನ್ನು ಕೂಲಿ ಆಳು ಮಾಡಿಕೊಂಡನಲ್ಲ ಎಂದು ಮೈಯೆಲ್ಲ ಉರಿಯಿತು. ಪೊಟ್ಟಣ ಹಿಡಿದು ಎರಡು ಹೆಜ್ಜೆ ಇಟ್ಟರೆ ಲಾಡ್ಜು ಬಂತು. ಮತ್ತೆ ಹೊರಟೆ. ಈ ಸಲ ಕೆರೆ ದಂಡೆ. ಬಟ್ಟೆ ಒಗೆಯುತ್ತಿದ್ದವಳೊಬ್ಬಳು ಒಣಗಿದ ಟವೆಲೊಂದನ್ನು ಮಡಿಸಿ, ಲಾಡ್ಜಿಗೆ ಮುಟ್ಟಿಸಿ ಎಂದಳು. ಮೂರನೇ ಸಲ ದನದ ದೊಡ್ಡಿ. ಅಲ್ಲಿಯವನು ಕೊಟ್ಟದ್ದು ದಸ್ತಗೀರ್ ಸಾಹೇಬರ ನಶ್ಯ. ಅದನ್ನು ಅವರ ಮೇಜಿನ ಮೇಲೆ ಕುಕ್ಕಿ, ಎದುರಿನ ಕುರ್ಚಿಯಲ್ಲಿ ಕುಸಿದೆ. ಬೆವರಿನಿಂದ ಕುಂಕುಮ ಮೂಗಿಗಿಳಿದಿತ್ತು.

"ಈಗ ಹೇಳ್ತೀರೇನು, ಎಲ್ಲಿಗೆ ಹೋಗಬೇಕಂತ?" ಎಂದರು ದಸ್ತಗೀರ್ ಸಾಹೇಬರು, ನಶ್ಯದ ಪೊಟ್ಟಣ ಬಿಚ್ಚುತ್ತ. ಹೇಳಿದೆ. "ನಮ್ಮೂರಾಗ ತನ್ನ ಕೆಲಸಕ್ಕ ತಾನ ಹೊಂಟವರು ಹೋಗಿ ಮುಟ್ಟಂಗಿಲ್ರಿ. ಇನ್ನೊಬ್ಬರ ಕೆಲಸಕ್ಕ ಹೊಂಟರ ಮುಟ್ಟತಾರ. ಮಂದಿ ನಿಮ್ಮ ಕೈಯಾಗ ಏನಾರ ಕೊಟ್ಟರಲ್ಲ, ನೀವು ತಿರುಗಿ ಬರಲಿ ಅಂತ ಕೊಟ್ಟದ್ದು" ಎಂದರು. ನಾನು ಮಿಲ್ಲಿನವನಿಗೆ ಮನಸ್ಸಿನಲ್ಲೇ ಹಾಕಿದ್ದ ಶಾಪವನ್ನು ಮನಸ್ಸಿನಲ್ಲೇ ವಾಪಸು ತೆಗೆದುಕೊಂಡೆ.

ಹಾಗೆ ಕೂತು ನೋಡಿದಾಗ ಊರು ಕಣ್ಣಿಗೆ ಬಿತ್ತು. ಎದುರು ಮನೆಯಾಕೆ ಪಕ್ಕದ ಮನೆಗೆ ಬದನೆಕಾಯಿ ತರಲು ಹೊರಟಿದ್ದಳು, ಪಕ್ಕದ ಮನೆಯಾಕೆ ಎದುರು ಮನೆಗೆ ಸೀಮೆಎಣ್ಣೆ ತರಲು. ಮಕ್ಕಳು ಒಬ್ಬರ ಪಾಟೀಚೀಲ ಇನ್ನೊಬ್ಬರು ಹೊತ್ತು ಶಾಲೆಗೆ ಹೋಗುತ್ತಿದ್ದರು. ಮದುಮಗನೊಬ್ಬ ಬಾಸಿಂಗ ಕಟ್ಟಿಕೊಂಡು, ಕಲ್ಯಾಣಮಂಟಪದ ಅಡುಗೆಯವರ ಜಾಲರಿ ಸೌಟು ಹಿಡಿದು ಬೀದಿಯಲ್ಲಿ ನಡೆದುಹೋದ. ಯಾರೂ ನಗಲಿಲ್ಲ. ದಸ್ತಗೀರ್ ಸಾಹೇಬರೂ ಸಂಜೆ ಮನೆಗೆ ಹೋಗಬೇಕಾದರೆ ಹೂವಿನವಳು ಅವರ ಓಣಿಯ ಯಾರಿಗೋ ಒಂದು ಮೊಳ ಹೂವು ಕಳಿಸಬೇಕಂತೆ. ಅವಳು ಬರದ ದಿನ ಲಾಡ್ಜಿನ ಬೆಂಚೇ ಗತಿ. "ಅಂಥ ದಿನ ನಮ್ಮಾಕಿಗೆ ಭಾಳ ಸಿಟ್ಟು" ಎಂದರು. ಪರವೂರಿನವರಲ್ಲಿ ಯಾರು ಯಾರು ಕೆಲಸ ಅದಲುಬದಲು ಮಾಡಿಕೊಂಡರೆ ಇಬ್ಬರೂ ಮುಟ್ಟುತ್ತಾರೆ ಎಂದು ಕೂಡಿಸಿ ಕೊಡುವುದೇ ಆ ಮೇಜಿನ ಕೆಲಸ.

"ಮಗಳು ಕರೆದಾಳೇನ್ರಿ? ಕರೆದಿದ್ದರ ಅದು ಆಕಿ ಕೆಲಸ ಆಗ್ತದ, ಸೀದಾ ಹೋಗ್ತೀರಿ."

"ಬರಬೇಡ ಅಂದಿದಾಳೆ."

ಅವರು ನಶ್ಯದ ಡಬ್ಬಿ ಮುಚ್ಚಿದರು. ಆಮೇಲೆ, ಗಾಣಿಗರ ಓಣಿಯಲ್ಲೇ, ನಿಮ್ಮ ಮಗಳ ಮನೆಗೆ ಎದುರಾಗಿ, ದರ್ಜಿ ಕಳಿಸಬೇಕಾದ ಒಂದು ಕುಪ್ಪಸವಿದೆ, ಅದನ್ನು ಮುಟ್ಟಿಸಿ ಬನ್ನಿ ಎಂದರು. ಕುಪ್ಪಸ ಹಿಡಿದು ಹೊರಟೆ. ಬಾಯಲ್ಲಿ ಕುಪ್ಪಸ, ಕುಪ್ಪಸ ಎಂದುಕೊಂಡರೂ ಮನಸ್ಸು ನೀಲಿ ಬಾಗಿಲಲ್ಲೇ ಇತ್ತು. ಹೋಗಿ ಸೇರಿದ್ದು ರೈಲ್ವೆ ಗೂಡ್ಸ್ ಶೆಡ್ಡಿಗೆ. ಅಲ್ಲಿಂದ ಯಾರೋ ಕೊಟ್ಟ ಖಾಲಿ ಬಾಟಲಿ ಹಿಡಿದು ವಾಪಸು ಬಂದಾಗ ದಸ್ತಗೀರ್ ಸಾಹೇಬರು ಹಣೆ ಹಣೆ ಬಡಿದುಕೊಂಡರು. "ತಪ್ಪು ನಂದರಿ. ಎದುರು ಮನಿ ಅಂತ ಹೇಳಬಾರದಿತ್ತು. ತಾಯಿ ಕರುಳು, ಕುಪ್ಪಸದಾಗ ಹೆಂಗ ಮನಸ್ಸು ನಿಲ್ಲತದ?"

ಮಧ್ಯಾಹ್ನವಾಗುತ್ತಿತ್ತು. ಲಾಡ್ಜಿನ ಪಡಸಾಲೆಯಲ್ಲಿ ರಾಚಪ್ಪ ಎಂಬ ಹಿರಿಯರೊಬ್ಬರು ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡು ಕೂತಿದ್ದರು. ಬೇರೆ ಊರಿನವರು. ಹಿಂದೆ ಬಂದಾಗ ಯಾರದೋ ಕೆಲಸಕ್ಕೆ ಹೋಗಿ ಡಾಕ್ಟರ ಅಂಗಡಿ ಮುಟ್ಟಿ, ಹಲ್ಲಿನ ಸೆಟ್ಟಿಗೆ ಅಳತೆ ಕೊಟ್ಟುಹೋಗಿದ್ದರಂತೆ. ಸೆಟ್ಟು ತಯಾರಾಗಿ ಡಾಕ್ಟರ ಅಂಗಡಿಯಲ್ಲಿತ್ತು, ಇವರಿಗೆ ಅಂಗಡಿ ಸಿಗುತ್ತಿರಲಿಲ್ಲ. ಊರವರು ಎಂಥೆಂಥ ಕೆಲಸಕ್ಕೂ ಹೋಗುತ್ತಾರೆ, ಬೇರೆಯವರ ಹಲ್ಲು ಹಿಡಿದು ತರುವುದಕ್ಕೆ ಮಾತ್ರ ಯಾರೂ ಒಪ್ಪಿರಲಿಲ್ಲ. ಮೊಮ್ಮಗಳ ಮದುವೆ ಹತ್ತಿರ ಬಂದಿತ್ತು. ದಸ್ತಗೀರ್ ಸಾಹೇಬರು ಅವರನ್ನೂ ನನ್ನನ್ನೂ ಒಮ್ಮೆ ನೋಡಿ, "ನೀವು ಇವರ ಹಲ್ಲು ತರ್ರಿ. ಇವರು ನಿಮ್ಮ ಮಗಳ ಮನಿಗೆ ಹೋಗಿ ಬರ್ತಾರ" ಎಂದರು.

ನಾನು ಖಡಾಖಂಡಿತವಾಗಿ ಆಗುವುದಿಲ್ಲ ಎಂದೆ. ಗುರುತು ಪರಿಚಯವಿಲ್ಲದ, ಬೊಚ್ಚುಬಾಯಿಯ ಗಂಡಸೊಬ್ಬರು ನನ್ನ ಮಗಳ ಹೆರಿಗೆ ಕೋಣೆಯ ಬಾಗಿಲಿಗೆ ನನಗಿಂತ ಮೊದಲು ಹೋಗುವುದೆಂದರೇನು? ರಾಚಪ್ಪನವರೂ ಕರವಸ್ತ್ರದ ಹಿಂದಿನಿಂದ, "ಅಮ್ಮಾರು ಹೇಳೂದು ಖರೆ" ಎಂದು ಗೊಣಗಿದರು. ಅಷ್ಟರಲ್ಲಿ ಹಾಲಿನವನೊಬ್ಬ ಯಾರದೋ ಚೆಂಬು ಹಿಡಿದು ಬಂದು, ಮಾತಿಗೆ ಮಾತು ಬಂದು, ಗಾಣಿಗರ ಓಣಿಯ ಟ್ಯಾಂಕಿನವರ ಮನೆಗೆ ಸೂಲಗಿತ್ತಿ ನೀಲವ್ವನನ್ನು ಕರೆಸಿದ್ದಾರೆ, ಆ ಮನೆಯ ಹುಡುಗಿ ಬೆಳಿಗ್ಗೆಯಿಂದ ನೋವು ತಿನ್ನುತ್ತಿದ್ದಾಳಂತೆ ಎಂದ. ಹಟವೆಲ್ಲ ಎಲ್ಲಿ ಹೋಯಿತೋ. "ಕಳಿಸಿ" ಎಂದೆ.

ಮೇಲಿನ ಕೋಣೆಯಿಂದ ಬಾಣಂತನದ ಗಂಟು ತಂದೆ. ಹಳೆಯ ಪಂಚೆಯ ಮೆತ್ತನೆ ಬಟ್ಟೆ, ಹರಳೆಣ್ಣೆ, ಬಜೆ, ತುಪ್ಪದ ಡಬ್ಬಿ. ತುಪ್ಪ ಬಿಸಿ ಮಾಡಿ ಕೊಡಬೇಕು, ಬಜೆ ತೇಯುವ ಕಲ್ಲು ತೊಳೆದಿರಬೇಕು, ಕಿಟಕಿ ತೆಗೆಯಬಾರದು ಎಂದು ಶುರುಮಾಡಿದೆ. ದಸ್ತಗೀರ್ ಸಾಹೇಬರು ಕೈ ಎತ್ತಿ ತಡೆದರು. "ಅದೆಲ್ಲ ಗಂಟಿನ ಮಾತಾತು. ನಿಮ್ಮ ಕೆಲಸ ಏನು, ಅದನ್ನ ಹೇಳ್ರಿ." ನನ್ನ ಕೆಲಸ ಏನೆಂದು ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. "ಹೇಗಿದಾಳೆ ಅಂತ ನೋಡ್ಕೊಂಡು ಬರಬೇಕು. ನಾನು ಇಲ್ಲೇ ಲಾಡ್ಜಲ್ಲಿ ಇದೀನಿ ಅಂತ ಹೇಳಬೇಕು" ಎಂದೆ. ಕರೆಸಿಕೋ ಎಂದೂ ಹೇಳಿಸಲೇ ಎಂದು ಕೇಳಿದ್ದಕ್ಕೆ ಅವರು ಬೇಡವೆಂದು ತಲೆಯಾಡಿಸಿದರು. ಹೇಳಿಸಿ ಕರೆಸಿಕೊಂಡರೆ ಅದು ಮತ್ತೆ ನನ್ನ ಕೆಲಸವೇ ಆಗುತ್ತದಂತೆ. ಅವಳಾಗಿಯೇ ಕರೆಯಬೇಕು. ರಾಚಪ್ಪನವರು ಗಂಟನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿ ಹಿಡಿದುಕೊಂಡರು. ಬಾಯಿ ಮುಚ್ಚಲು ಕೈ ಇರಲಿಲ್ಲ, ಹಾಗೇ ಹೋದರು.

ನಾನು ಹಲ್ಲಿಗೆ ಹೊರಟೆ. ಒಂದೇ ಒಂದು ತಿರುವು, ಎದುರಿಗೆ ಹಲ್ಲಿನ ಡಾಕ್ಟರ ಅಂಗಡಿ. ಅಷ್ಟು ಸಲೀಸಾಗಿ ಸಿಕ್ಕಿದ್ದಕ್ಕೇ ಸಿಟ್ಟು ಬಂತು. ಡಾಕ್ಟರು ಚಿಕ್ಕ ವಯಸ್ಸಿನವರು. ಹತ್ತಿಯಲ್ಲಿ ಸುತ್ತಿದ ಸೆಟ್ಟು ತೆಗೆದು ಮೇಜಿನ ಮೇಲಿಟ್ಟರು. ನೋಡಿದರೆ ತೊಳೆದ ಪಿಂಗಾಣಿ ತಟ್ಟೆಯಂಥ ಬಿಳುಪು.

"ಮುದುಕರ ಬಾಯಿಗೆ ಇದನ್ನ ಹಾಕಿದ್ರೆ ಮದುವೆಗೆ ಬಂದವರು ಹೆಣ್ಣುಗಂಡು ಬಿಟ್ಟು ಇವರನ್ನೇ ನೋಡ್ತಾರೆ" ಎಂದೆ.

"ಅವರ ಆರಿಸ್ಯಾರಿ ಈ ಬಣ್ಣಾನ."

ಬಣ್ಣ ಬಿಟ್ಟುಕೊಟ್ಟೆ. ಆದರೆ ಹೆಬ್ಬೆರಳಲ್ಲಿ ಸವರಿ ನೋಡಿದಾಗ ಕೆಳಗಿನ ಸಾಲಿನ ಒಳ ಅಂಚು ತರಚಿತು. ಈ ಅಂಚಿಗೆ ಒಸಡು ಕೊಯ್ದುಹೋಗುತ್ತದೆ, ಪಾಪದ ಮನುಷ್ಯ ಹೋಳಿಗೆ ಬಾಯಿಗಿಟ್ಟುಕೊಂಡು ಎದ್ದು ಹೋಗಬೇಕಾಗುತ್ತದೆ ಎಂದು ಹಿಡಿದ ಪಟ್ಟು ಬಿಡದೆ ಜಗಳವಾಡಿದೆ. ಡಾಕ್ಟರು ಅದನ್ನು ಅರದಿಂದ ಉಜ್ಜಿದರು, ನಾನು ಸವರಿದೆ, ಮತ್ತೆ ಉಜ್ಜಿಸಿದೆ. ನುಣ್ಣಗಾದ ಮೇಲೆ ಡಬ್ಬಿಗೆ ಹಾಕಿಸಿಕೊಂಡು ಮೆಟ್ಟಿಲಿಳಿಯುವಾಗ, ಅಷ್ಟು ಹೊತ್ತೂ ಹೇಮುವಿನ ನೆನಪು ಬಂದಿರಲಿಲ್ಲ ಎಂದು ಹೊಳೆಯಿತು. ನಾನು ಮರೆತಾಗಲೂ ಅವಳ ಕಡೆ ಹೋಗಿರುವವರು ಒಬ್ಬರಿದ್ದಾರೆ ಎಂಬುದು ಅದರ ಬೆನ್ನಿಗೇ ನೆನಪಾಗಿ, ಬೆಳಿಗ್ಗೆಯಿಂದ ಬಿಗಿಹಿಡಿದಿದ್ದ ಭುಜ ಸ್ವಲ್ಪ ಸಡಿಲವಾಯಿತು.

ಲಾಡ್ಜಿಗೆ ಬಂದರೆ ರಾಚಪ್ಪನವರು ಇನ್ನೂ ಬಂದಿರಲಿಲ್ಲ. ದಸ್ತಗೀರ್ ಸಾಹೇಬರು ಚಹಾ ತರಿಸಿದರು. ಅದು ನನ್ನ ಕೈಯಲ್ಲೇ ಆರಿತು. ಅವಳು ಕರೆಯದಿದ್ದರೆ? ಕರೆಯದಿದ್ದರೆ ಗಾಣಿಗರ ಓಣಿಯಲ್ಲಿ ಏನಾದರೂ ಆಗಿ ಮುಗಿಯುತ್ತದೆ, ನಾನು ಗೋಪುರ ನೋಡುತ್ತ ಇಲ್ಲೇ ಕೂತಿರುತ್ತೇನೆ. ಹೋದ ಸಲ ದೂರದ ಊರಿನಲ್ಲಿದ್ದೆ ಎಂಬ ಸಮಾಧಾನವಾದರೂ ಇತ್ತು. ಈ ಸಲ ಅದೂ ಇಲ್ಲ.

ರಾಚಪ್ಪನವರು ಬಂದರು. ನಾನು ಹಲ್ಲಿನ ಡಬ್ಬಿ ಚಾಚಿದೆ. ಅವರು ಅದನ್ನು ತೆರೆಯದೆ ಜೇಬಿಗೆ ಹಾಕಿಕೊಂಡು, ಮೊದಲು ನನ್ನ ಎದುರು ಕೂತರು. ಆ ಒಂದು ಮರ್ಯಾದೆಗೆ ನಾನು ಅವರಿಗೆ ಜನ್ಮವಿಡೀ ಊಟ ಹಾಕಬಲ್ಲೆ.

"ಮಗಳು ಗಟ್ಟಿ ಇದ್ದಾಳ್ರಿ. ನೋವು ಅದ, ನೀಲವ್ವ ಅದಾಳ. ಅಳಿಯಂದಿರು ಮಾತ್ರ ಮನ್ಯಾಗ ಇಲ್ಲ, ನಸುಕಿನ್ಯಾಗ ಎಲ್ಲೋ ಹೊಂಟು ಹೋಗ್ಯಾರ" ಎಂದರು. ನಾನು ಲಾಡ್ಜಿನಲ್ಲಿದ್ದೇನೆ ಎಂದು ಇವರು ಹೇಳಿದ ಮೇಲೆ ಅವಳು ಗಂಟು ಬಿಚ್ಚಿಸಿ, ಪಂಚೆಯ ಬಟ್ಟೆಯನ್ನು ಮುಖಕ್ಕೆ ಒತ್ತಿಕೊಂಡು ಅತ್ತಳಂತೆ. ಇವರು ಏನೂ ಹೇಳದೆ ಹೊಸ್ತಿಲಾಚೆ ನಿಂತಿದ್ದರು. "ಹೊಂಡಬೇಕು ಅನ್ನೂದರಾಗ ಕರೆದು ಒಂದು ಮಾತು ಹೇಳ್ಯಾಳ. ತಲಿ ಸಿಕ್ಕಾಗೇದಂತ. ನಮ್ಮಮ್ಮಗ ಬಂದು ಬಾಚಿ ಜಡಿ ಹಾಕು ಅಂತ ಹೇಳ್ರಿ, ಬೇರೆಯವರು ಎಳೆದರ ನೋಯ್ತದ ಅಂದಳು."

ನಾನು ಎದ್ದು ನಿಂತೆ. ಕಣ್ಣೀರು ತಡೆಯುವ ಗೋಜಿಗೇ ಹೋಗಲಿಲ್ಲ. ಮದುವೆಯಾದ ಮೇಲೆ ಅವಳು ನನ್ನನ್ನು ಏನನ್ನಾದರೂ ಕೇಳಿದ್ದು ಅದೇ ಮೊದಲು. ದಸ್ತಗೀರ್ ಸಾಹೇಬರು ಕುರ್ಚಿಯಿಂದ ಎದ್ದು, ತಮ್ಮ ಮೇಜನ್ನೇ ಪಕ್ಕಕ್ಕೆ ಎಳೆದು ದಾರಿ ಬಿಟ್ಟರು. "ನಡೀರಿ ಅಮ್ಮಾರ. ಈಗ ನಿಮ್ಮನ್ನ ಯಾರೂ ತಪ್ಪಿಸಂಗಿಲ್ಲ."

ಪೆಟ್ಟಿಗೆ ಎತ್ತಿಕೊಂಡು ಹೊರಟೆ. ಬೆಳಿಗ್ಗೆ ನುಣುಚಿಕೊಳ್ಳುತ್ತಿದ್ದ ಗೋಪುರ ಈಗ ಹೆಜ್ಜೆ ಹೆಜ್ಜೆಗೂ ಹತ್ತಿರ ಬಂತು. ಹನುಮಪ್ಪನ ಗುಡಿಯ ಮೂಲೆಯಲ್ಲಿ ಒಬ್ಬ ಯುವಕ ತಲೆ ಹಿಡಿದುಕೊಂಡು ಕೂತಿದ್ದ. ನೋಡಿದರೆ ನನ್ನ ಅಳಿಯ. ಚಪ್ಪಲಿ ಕಿತ್ತುಹೋಗಿತ್ತು.

"ಅತ್ತೆ, ಅವಳು ಬೇಡ ಅಂದ್ರೂ ನೀವು ಬಂದೇ ಬರ್ತೀರಿ ಅಂತ ನನಗೆ ಗೊತ್ತಿತ್ತು. ಬೆಳಿಗ್ಗೆಯಿಂದ ಸ್ಟೇಷನ್ನು ಹುಡುಕ್ತಾ ಇದೀನಿ" ಎಂದ.

"ಹೇಮು ಕಳಿಸಿದಳಾ?"

"ಇಲ್ಲ." ಅವನು ನೆಲ ನೋಡಿದ. "ನನಗೇ ಭಯ ಆಗಿತ್ತು. ನನಗೇ ನೀವು ಬೇಕಾಗಿತ್ತು." ಅದಕ್ಕೇ ಸ್ಟೇಷನ್ನು ಸಿಗಲಿಲ್ಲ, ಅದಕ್ಕೇ ಈಗ ತನ್ನ ಮನೆಯೂ ಸಿಗುತ್ತಿರಲಿಲ್ಲ. ದಾರಿಯಲ್ಲಿ ಯಾರಾದರೂ ಏನಾದರೂ ಕೊಡಲು ಬಂದರೆ, ತೆಗೆದುಕೊಂಡರೆ ನಾನು ಅವನಿಗೆ ಸಿಗದೆ ತಪ್ಪಿಹೋಗುತ್ತೇನೆಂದು ಬೇಡ ಬೇಡ ಎನ್ನುತ್ತ ಅಲೆದಿದ್ದ. ಅಳಿಯನೆಂದರೆ ಹಬ್ಬಕ್ಕೆ ಬಂದು ಉಂಡು ಹೋಗುವವನು ಎಂದುಕೊಂಡಿದ್ದ ನನಗೆ ಆ ಹುಡುಗನ ಮೇಲೆ ಮಗನಷ್ಟೇ ಅಕ್ಕರೆ ಉಕ್ಕಿತು. ಅದನ್ನು ಹೇಳುತ್ತ ನಿಲ್ಲುವ ಹೊತ್ತು ಅದಲ್ಲ. "ನನ್ನ ಪೆಟ್ಟಿಗೆ ಭಾರ. ಹಿಡ್ಕೊಂಡು ಬಾ" ಎಂದೆ. ಅವನು ಅದನ್ನು ಹೆಗಲಿಗೇರಿಸಿಕೊಂಡು ನನ್ನ ಹಿಂದೆ ಬಂದ. ತಿರುವಿನಲ್ಲೇ ನೀಲಿ ಬಾಗಿಲಿತ್ತು.

ಹೇಮು ನನ್ನನ್ನು ನೋಡಿ ತಲೆ ತಿರುಗಿಸಿ, ಸಿಕ್ಕುಗಟ್ಟಿದ ಕೂದಲು ನನ್ನ ಕಡೆ ಮಾಡಿ ಕೂತಳು. ಎಣ್ಣೆ ಹಚ್ಚಿ, ತುದಿಯಿಂದ ಒಂದೊಂದೇ ಎಳೆ ಬಿಡಿಸುತ್ತ ಬಂದೆ. ನೋವು ಬಂದಾಗ ನಿಲ್ಲಿಸಿದೆ, ಹೋದಾಗ ಬಾಚಿದೆ. ಜಡೆ ಅರ್ಧ ಆದಾಗ ಅವಳು ಬೆನ್ನು ಹಾಕಿಕೊಂಡೇ, "ಹೋದ ಸಲ ನಿನ್ನ ಮುಖ ನೋಡೋಕಾಗ್ಲಿಲ್ಲ ಅಮ್ಮ. ಈ ಸಲವೂ ಹಾಗೇ ಆದ್ರೆ ನೀನು ನೋಡಬಾರದು ಅಂತ ಬೇಡ ಅಂದೆ" ಎಂದಳು. ನಾನು, "ಹಾಗೇ ಆದ್ರೂ ಇಬ್ಬರೂ ನೋಡೋಣ. ಒಬ್ಬಳೇ ನೋಡೋದು ಬೇಡ" ಎಂದೆ. ಅವಳ ಭುಜ ನನ್ನ ಎದೆಗೆ ಒರಗಿತು.

ಸಂಜೆ ದೀಪ ಹಚ್ಚುವ ಹೊತ್ತಿಗೆ ನೋವು ಒಂದರ ಮೇಲೊಂದು ಬರತೊಡಗಿತು. ಸೂಲಗಿತ್ತಿ ನೀಲವ್ವ ಸೆರಗು ಸಿಕ್ಕಿಸಿಕೊಂಡು ನನ್ನ ಕಡೆ ತಿರುಗಿದಳು. "ಕೂಸಿಗೆ ಒಂದು ಕೆಲಸ ಹೇಳ್ರಿ."

ಇನ್ನೂ ಹುಟ್ಟದ ಕೂಸಿಗೆ ಎಂಥ ಕೆಲಸ ಎಂದೆ.

"ಈ ಊರಾಗ ಹುಟ್ಟೂ ಕೂಸರಿ ಅದು. ತನ್ನ ಕೆಲಸಕ್ಕ ತಾನ ಬಾ ಅಂದರ ಹೆಂಗ ಬಂದೀತು? ಯಾರಾರ ಏನಾರ ಹೇಳಬೇಕು. ಹಡೆಯಾಕಿ ಹೇಳಂಗಿಲ್ಲ. ಆಕಿ ಒಬ್ಬಾಕಿ ಬಿಟ್ಟು ಮನ್ಯಾಗ ಇದ್ದವರು ಹೇಳಬೇಕು."

ಬಾಗಿಲಾಚೆಯಿಂದ ನಟೇಶ, "ಟ್ಯಾಂಕಿನ ಹತ್ತಿರ ನನ್ನ ಜೊತೆ ಮಾತಾಡೋಕೆ ಯಾರೂ ಇಲ್ಲ ಅಂತ ಹೇಳಿ" ಎಂದ. ನೀಲವ್ವ ಅದನ್ನು ಹೊಟ್ಟೆಗೆ ಬಗ್ಗಿ ಹೇಳಿದಳು. ಆಮೇಲೆ ನನ್ನನ್ನೇ ನೋಡಿದಳು. ಹೇಮುವಿನ ಮುಖ ನೋಡಿದೆ. ಕಣ್ಣ ಸುತ್ತ ಮಸಿ ಬಳಿದಂತೆ ಕಪ್ಪು. ಮೊದಲನೆಯದು ಹೋದಾಗಿನಿಂದ ಆ ಹುಡುಗಿ ಒಂದು ರಾತ್ರಿಯೂ ನೆಟ್ಟಗೆ ಮಲಗಿಲ್ಲ ಎಂದು ಯಾರೂ ಹೇಳದೆ ನನಗೆ ಗೊತ್ತಾಯಿತು. ಮೊಣಕಾಲೂರಿ, ಅವಳ ಹೊಟ್ಟೆಯ ಹತ್ತಿರ ಬಾಯಿ ತಂದು, "ನನ್ನ ಮಗಳು ನಿದ್ದೆ ಮಾಡಿ ಬಹಳ ದಿನ ಆಯ್ತು ಕಂದ. ಅವಳನ್ನ ಮಲಗಿಸೋಕೆ ಬಾ. ನನ್ನ ಕೈಲಿ ಆಗಲ್ಲ" ಎಂದೆ.

ನನ್ನ ಕೈಲಿ ಆಗಲ್ಲ ಎಂಬ ಮಾತು ನನ್ನ ಬಾಯಿಂದ ಬಂದದ್ದು ಕೇಳಿ, ಆ ನೋವಿನಲ್ಲೂ ಹೇಮು ನನ್ನನ್ನು ತಿರುಗಿ ನೋಡಿದಳು. ನನ್ನ ಮಣಿಕಟ್ಟು ಹಿಡಿದುಕೊಂಡಳು. ಆಮೇಲಿನದೆಲ್ಲ ನನಗೆ ಸರಿಯಾಗಿ ನೆನಪಿಲ್ಲ. ನೀಲವ್ವ ಗದರುತ್ತಿದ್ದದ್ದು, ಬಳೆಯೊಂದು ಒಡೆದದ್ದು, ಹಂಡೆಯ ನೀರು ಚೆಲ್ಲಿದ್ದು ಇಷ್ಟು ಗೊತ್ತು. ಹೆಣ್ಣು ಕೂಸು. ಮೈಕೈ ಒದರಿ, ಎದುರು ಮನೆಯವರು ಬಾಗಿಲು ತೆಗೆದು ಬರುವ ಹಾಗೆ ಅತ್ತಿತು. ನಾನೂ ಅತ್ತೆ. ನಟೇಶನಂತೂ ಹೊಸ್ತಿಲ ಮೇಲೆ ಕೂತು ಬಿಕ್ಕುತ್ತಿದ್ದ.

ನೀಲವ್ವ ಕೂಸನ್ನು ಒರೆಸಿ ಹೇಮುವಿನ ಎದೆಯ ಮೇಲೆ ಮಲಗಿಸಿದಳು. ಅದು ಅಳುತ್ತಲೇ ಇತ್ತು. ಮೊಲೆ ಕೊಡಬೇಕು, ಹೀಗೆ ಹಿಡಿದುಕೋ ಎಂದು ಹೇಳಲು ಹೋದರೆ ಹೇಮುವಿನಿಂದ ಉತ್ತರವಿಲ್ಲ. ನಾನು ಗಾಬರಿಯಾಗಿ ಬಗ್ಗಿದೆ. ಉಸಿರು ನಿಧಾನವಾಗಿ, ಒಂದೇ ಸಮನೆ ಬರುತ್ತಿತ್ತು. ಬಾಯಿ ಅರ್ಧ ತೆರೆದು, ಒಂದು ಕೈ ಕೂಸಿನ ಬೆನ್ನ ಮೇಲಿಟ್ಟು, ನನ್ನ ಮಗಳು ಗಾಢ ನಿದ್ದೆಗೆ ಜಾರಿದ್ದಳು.